ಎರಡು ಚಮಚ ಬೇಳೆಯ ಮಳೆಗಾಲ

ಕಳೆದ ತಿಂಗಳು ಅಕ್ಕನ ಮಗನ ನಿಶ್ಚಯಕ್ಕೆಂದು ಧಾರವಾಡದಿಂದ ಮುಂಬೈಗೆ ಹೋಗಿದ್ದೆ. ಕಾರ್ಯ ಇದ್ದದ್ದು ಮಾಟುಂಗದಲ್ಲಿ, ಹುಡುಗಿಯ ಮನೆಯಲ್ಲಿ. ಬಸ್ಸು ಬೇಗ ಮುಟ್ಟಿಸಿದ್ದರಿಂದ ಇನ್ನೂ ಹೊತ್ತಿತ್ತು. ಸ್ಟೇಷನ್ ಹೊರಗಿನ ಒಂದು ಉಡುಪಿ ಹೋಟೆಲಿಗೆ ಹೋಗಿ ಕುಳಿತೆ. ಸಿಕ್ಕ ಕುರ್ಚಿ ಅಡುಗೆಮನೆಯ ಬಾಗಿಲ ಪಕ್ಕದ್ದು. ಒಳಗೆ ದೊಡ್ಡ ಪಾತ್ರೆಯಲ್ಲಿ ತೊಗರಿಬೇಳೆ ಬೇಯುತ್ತಿತ್ತು. ಇನ್ನೂ ಹುಣಸೆ ಬಿದ್ದಿಲ್ಲ, ಪುಡಿ ಬಿದ್ದಿಲ್ಲ, ಒಗ್ಗರಣೆ ಬಿದ್ದಿಲ್ಲ. ಬರೀ ಬೇಳೆ ಅರಿಶಿನದ ಜೊತೆ ಕುದ್ದು ಒಡೆಯುವ ಹೊತ್ತಿನ ಮಂದ ವಾಸನೆ. ಯಾರಾದರೂ ಬಾಗಿಲು ತಳ್ಳಿದಾಗಲೆಲ್ಲ ಅದು ಬಂದು ಮುಖಕ್ಕೆ ತಾಗುತ್ತಿತ್ತು. ಮೂರು ವರ್ಷದ ಹಿಂದೆ ಇದೇ ಊರಿನಲ್ಲಿ ಒಬ್ಬನೇ ಕಳೆದ ಮಳೆಗಾಲ ನೆನಪಾಯಿತು. ಆ ಮಳೆಗಾಲದಲ್ಲಿ ನನಗೆ ಅಡುಗೆ ಕಲಿಸಿದ ನೀಲವ್ವ ನೆನಪಾದಳು. ಅರ್ಧ ಕಪ್ ಚಹಾ ಕುಡಿದು ಎದ್ದೆ.

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರ. ಧಾರವಾಡ, ಹುಬ್ಬಳ್ಳಿ ಬಿಟ್ಟು ಹೊರಗೆ ಹೋಗದೆ ಅರ್ಧ ಆಯುಷ್ಯ ಕಳೆದವನಿಗೆ ಐವತ್ತರ ಹೊಸ್ತಿಲಲ್ಲಿ ಬಡ್ತಿ ಬಂತು. ಅದರ ಜೊತೆಗೆ ಮುಂಬೈ ವರ್ಗಾವಣೆಯೂ ಬಂತು. ಹೆಂಡತಿ ಸುನಂದಾ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಆ ವರ್ಷ ಸೆಕೆಂಡ್ ಪಿಯುಸಿ. ಅವರನ್ನು ಎಬ್ಬಿಸಿಕೊಂಡು ಬರುವ ಮಾತೇ ಇರಲಿಲ್ಲ. ಮೇ ತಿಂಗಳ ಮೊದಲ ವಾರ ಎರಡು ಬ್ಯಾಗು, ಒಂದು ಸ್ಟೋವು, ನಾಲ್ಕು ಪಾತ್ರೆ ತೆಗೆದುಕೊಂಡು ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿಗೆ ಬಂದು ಇಳಿದೆ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯಾಚೆ ಇನ್ನೊಂದು ಬಿಲ್ಡಿಂಗಿನ ಕಿಟಕಿ.

ಆ ತಿಂಗಳು ಮುಗಿಯುವುದರೊಳಗೆ ಕಾಲು ಬಾಯತೊಡಗಿದವು. ಬೆಳಿಗ್ಗೆ ಕಣ್ಣಿನ ಸುತ್ತ ಬಾವು. ಊರು ಬದಲಾಯಿತು, ನೀರು ಬದಲಾಯಿತು, ಅದಕ್ಕೇ ಇರಬೇಕು ಅಂದುಕೊಂಡೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಾವಂತ್ ಎನ್ನುವವರು ಬಲವಂತ ಮಾಡಿ ಆಸ್ಪತ್ರೆಗೆ ಕಳಿಸಿದರು. ಎರಡು ಸಲ ರಕ್ತ ತೆಗೆದರು, ಒಂದು ಸಲ ಸ್ಕ್ಯಾನ್ ಮಾಡಿದರು. ಜೂನಿನ ಮೊದಲ ಮಳೆ ಬಿದ್ದ ದಿನ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದರು. ಎರಡೂ ಕಿಡ್ನಿ ಸೇರಿ ಈಗ ಮಾಡುತ್ತಿರುವ ಕೆಲಸ ಮೂರರಲ್ಲಿ ಒಂದು ಪಾಲು. ಹಳೆಯ ಬಿಪಿ ಒಳಗೊಳಗೇ ಹಾಳು ಮಾಡಿದೆ. ಹೋದದ್ದು ಮರಳಿ ಬರುವುದಿಲ್ಲ. "ಜೋ ಬಚಾ ಹೈ, ಉಸ್‌ಕೋ ಸಂಭಾಲ್‌ನಾ ಹೈ" ಎಂದರು. ಉಳಿದದ್ದನ್ನು ಕಾಯ್ದುಕೊಳ್ಳುವುದಕ್ಕೆ ಗುಳಿಗೆಯಷ್ಟೇ ಊಟವೂ ಮುಖ್ಯ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿ ಆಹಾರದ ಬಗ್ಗೆ ಹೇಳುವ ಒಬ್ಬ ಹುಡುಗಿ ಇದ್ದಳು. ಮರಾಠಿಯವಳು, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಮೊಟ್ಟೆ ಬಿಡಿ, ಹಾಲು ಮೊಸರು ತೀರ ಕಡಿಮೆ ಮಾಡಿ, ಪ್ರೋಟೀನ್ ಏನಿದ್ದರೂ ಗಿಡದಿಂದಲೇ ಬರಲಿ, ಅದೂ ಅಳತೆಯಲ್ಲಿ ಎಂದಳು. ದಿನಕ್ಕೆ ಬೇಳೆ ಎರಡು ಚಮಚ. ಅನ್ನ, ರೊಟ್ಟಿ ಇರಲಿ, ಎಣ್ಣೆಗೆ ಹೆದರಬೇಡಿ. ತರಕಾರಿಯನ್ನು ಹೆಚ್ಚಿ ನೆನೆಸಿ, ಹೆಚ್ಚು ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ. ಶೇಂಗಾ, ಕೊಬ್ಬರಿ, ಬಾಳೆಹಣ್ಣು, ಉಪ್ಪಿನಕಾಯಿ, ಹಪ್ಪಳ ಬೇಡ. ಉಪ್ಪು ಚಿಟಿಕೆಯಷ್ಟು. ಎಲ್ಲ ಹೇಳಿ, ನನ್ನ ಮುಖ ನೋಡಿ, "ಪ್ರೋಟೀನ್ ಕಮ್ ಕರ್‌ನಾ ಹೈ ಅಂಕಲ್, ಖಾನಾ ಕಮ್ ನಹೀ ಕರ್‌ನಾ" ಎಂದು ಎರಡು ಸಲ ಹೇಳಿದಳು. ಊಟ ಕಡಿಮೆ ಮಾಡಬೇಡಿ ಎಂಬ ಆ ಎರಡನೆಯ ಮಾತನ್ನೇ ನಾನು ಪಾಲಿಸಲಾಗಲಿಲ್ಲ. ಅಡುಗೆ ಬಾರದವನಿಗೆ ಪ್ರೋಟೀನ್ ಕಡಿಮೆ ಮಾಡುವ ದಾರಿ ಅಂದರೆ ಊಟವನ್ನೇ ಕಡಿಮೆ ಮಾಡುವುದು.

ಸುನಂದಾಳಿಗೆ ಹೇಳಲಿಲ್ಲ. ನನ್ನ ಅಣ್ಣ ಇದೇ ರೋಗದಿಂದ ಹೋದವನು. ಹುಬ್ಬಳ್ಳಿಯಲ್ಲಿ ವಾರಕ್ಕೆ ಎರಡು ಸಲ ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದವನು ನಾನು. ಬುತ್ತಿ ಕಟ್ಟಿಕೊಡುತ್ತಿದ್ದವಳು ಸುನಂದಾ. ಅದೆಲ್ಲವನ್ನೂ ಅವಳು ಕಣ್ಣಾರೆ ಕಂಡಿದ್ದಳು. ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸತ್ಯ ಹೇಳಬೇಕೆಂದರೆ ಹೆದರಿದ್ದೆ. ಅವಳಿಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನಿಸುತ್ತಿತ್ತು.

ಮಳೆ ಹಿಡಿಯಿತು. ಮುಂಬೈಯ ಮಳೆ ನಮ್ಮೂರಿನ ಹಾಗೆ ಬಂದು ಹೋಗುವುದಲ್ಲ. ನಾಲ್ಕು ದಿನ ನಿಲ್ಲದೆ ಸುರಿದು, ಗೋಡೆ ಬೆವರಿ, ಒಗೆದ ಅಂಗಿ ಒಣಗದೆ ವಾಸನೆ ಹಿಡಿಯುವ ಮಳೆ. ಬೆಳಿಗ್ಗೆ ಎಂಟರ ಹೊತ್ತಿಗೆ ಇಡೀ ಬಿಲ್ಡಿಂಗಿನಲ್ಲಿ ಕುಕ್ಕರ್ ಕೂಗುತ್ತಿದ್ದವು. ಕೆಳಗಿನ ಮಲಯಾಳಿಗಳ ಮನೆಯಲ್ಲಿ ಒಂದು, ಎದುರಿನ ತಮಿಳರ ಮನೆಯಲ್ಲಿ ಒಂದು, ಮೇಲೆ ಮತ್ತೊಂದು. ನನ್ನ ಅಡುಗೆಮನೆಯಲ್ಲಿ ಮಾತ್ರ ತೆರೆದ ಪಾತ್ರೆಯಲ್ಲಿ ಸೋರೆಕಾಯಿ ಸದ್ದಿಲ್ಲದೆ ಕುದಿಯುತ್ತಿತ್ತು. ನೀರು ಬಸಿದು, ಚಿಟಿಕೆ ಉಪ್ಪು ಹಾಕಿ, ಅನ್ನಕ್ಕೆ ಕಲಸಿ ತಿನ್ನಲು ಕೂತರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಚೇರಿಯಲ್ಲಿ ಮಧ್ಯಾಹ್ನ ಐದು ಜನ ಕೂಡಿ ಡಬ್ಬಿ ಬಿಚ್ಚುವ ರೂಢಿ. ಎರಡು ದಿನ ನನ್ನ ಡಬ್ಬಿಗೂ ಎಲ್ಲರೂ ಕೈಹಾಕಿದರು. ಮೂರನೆಯ ದಿನದಿಂದ ಯಾರೂ ಹಾಕಲಿಲ್ಲ. ಅವರು ಕೊಟ್ಟದ್ದನ್ನು ನಾನು ತೆಗೆದುಕೊಳ್ಳುವಂತಿರಲಿಲ್ಲ. ಆಮೇಲೆ ನಾನೇ ಅರ್ಧ ಗಂಟೆ ತಡವಾಗಿ, ಒಬ್ಬನೇ ಊಟಕ್ಕೆ ಹೋಗತೊಡಗಿದೆ.

ಜುಲೈ ಎರಡನೆಯ ವಾರ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಸರದಿಗೆ ಕಾಯುತ್ತ ಕುಳಿತಿದ್ದೆ. ಸುನಂದಾಳ ಫೋನ್ ಬಂತು. "ಆಫೀಸಿನ್ಯಾಗ ಇದ್ದೀನಿ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟೆ.

ಪಕ್ಕದಿಂದ ಒಂದು ದನಿ ಬಂತು. "ದವಾಖಾನ್ಯಾಗ ಕುಂತು ಆಫೀಸಿನ್ಯಾಗ ಅದೀನಿ ಅಂತೀರಲ್ರಿ ಸಾಹೇಬ್ರ."

ತಿರುಗಿ ನೋಡಿದೆ. ಅರವತ್ತರ ಹತ್ತಿರದ ಹೆಂಗಸು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಅವಳ ಕಾಲೂ ನನ್ನ ಕಾಲಿನ ಹಾಗೆಯೇ ಬಾತಿದ್ದವು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎರಡು ತಿಂಗಳ ಮೇಲೆ ಎದುರಿಗೆ ಕೂತವರ ಬಾಯಿಂದ ನಮ್ಮ ಕಡೆಯ ಮಾತು ಕೇಳಿದ್ದೆ.

"ಯಾವೂರಾತ್ರಿ ನಿಮ್ದು?" ಎಂದೆ.

"ಇಂಡಿ ತಾಲೂಕ್ರಿ, ವಿಜಾಪುರ ಜಿಲ್ಲಾ. ಇಲ್ಲಿಗೆ ಬಂದು ಮೂವತ್ತು ವರ್ಷ ಆತು. ಬೈಕುಲ್ಲಾದಾಗ ಇರ್ತೀನಿ. ನೀಲವ್ವ ಅಂತಾರ." ಎಂದವಳೇ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ಇದನ್ನಿಷ್ಟು ಓದಿ ಹೇಳ್ರಿ. ಆ ಹುಡುಗಿ ಹಿಂದ್ಯಾಗ ಹೇಳ್ತಾಳ, ಅರ್ಧ ತಿಳೀತೈತಿ, ಅರ್ಧ ಇಲ್ಲ."

ನನಗೆ ಕೊಟ್ಟಂಥದೇ ಕಾಗದ, ಇಂಗ್ಲಿಷಿನಲ್ಲಿ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಮಾಂಸ, ಮೀನು, ತತ್ತಿ ಇಲ್ಲ ಎಂದಾಗ "ಅದನ್ನ ಬಿಟ್ಟೀನ್ರಿ" ಎಂದಳು. ಬೇಳೆ ಎರಡು ಚಮಚ ಎಂದಾಗ ಮಾತ್ರ ನನ್ನನ್ನೇ ನೋಡಿದಳು.

"ಎರಡು ಚಮಚ ಬ್ಯಾಳಿ ತಗೊಂಡು ಏನ್ ಮಾಡ್ಲಿ, ಗುಬ್ಬಿಗೆ ಹಾಕ್ಲೇನ್ರಿ?"

ನಕ್ಕೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ನಕ್ಕದ್ದು ಅದೇ ಇರಬೇಕು. ನನ್ನ ಕಾಗದ ತೆಗೆದು ತೋರಿಸಿದೆ. ನನಗೂ ಎರಡೇ ಚಮಚ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದಕ್ಕ ಹಿಂಗ ಒಣಗೀರಿ. ಅಡಿಗಿ ಯಾರ್ ಮಾಡ್ತಾರ?" ಎಂದಳು. ನಾನೇ ಎಂದಾಗ, "ಐತ್ವಾರ ನಮ್ಮ ಖೋಲಿಗೆ ಬರ್ರಿ. ನೀವು ಓದೂದು ಹೇಳ್ರಿ, ನಾ ಬೇಯಿಸೂದು ಹೇಳ್ತೀನಿ" ಎಂದಳು.

ಹೀಗೆ ಭಾನುವಾರಗಳು ಶುರುವಾದವು. ಆಂಟಾಪ್ ಹಿಲ್‌ನಿಂದ ಬಸ್ಸಿನಲ್ಲಿ ಮಾಟುಂಗ ಸ್ಟೇಷನ್, ಅಲ್ಲಿಂದ ಸ್ಲೋ ಲೋಕಲ್‌ನಲ್ಲಿ ಬೈಕುಲ್ಲಾ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹಳೆಯ ಚಾಳಿನ ನೆಲಮಹಡಿಯಲ್ಲಿ ನೀಲವ್ವನ ಖೋಲಿ. ಜೋರು ಮಳೆಯಾದರೆ ಹೊಸ್ತಿಲು ದಾಟಿ ನೀರು ಬರುತ್ತದೆಂದು ಒಲೆಯನ್ನು ಕಲ್ಲಿನ ಮೇಲೆ ಎತ್ತರಕ್ಕೆ ಇಟ್ಟಿದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಮಹಾದೇವಿಯನ್ನು ವಿಜಯಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದಳು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ನಮ್ಮ ಕಡೆಯ ಮೂವತ್ತು ಮಂದಿಗೆ ಎರಡು ಹೊತ್ತು ರೊಟ್ಟಿ, ಬೇಳೆ, ಪಲ್ಯ ಮಾಡಿಕೊಡುವುದು ಅವಳ ಕೆಲಸ. ದಿನಕ್ಕೆ ನೂರರ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡ ಬೋಗುಣಿಯ ತುಂಬ ತೊಗರಿಬೇಳೆ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದಳು. ಅದೆಲ್ಲ ಹೋದ ಮೇಲೆ ತನ್ನ ಒಂದೂವರೆ ರೊಟ್ಟಿಗೆ ಕುದಿಸಿ ಬಸಿದ ಹೀರೇಕಾಯಿ ಹಚ್ಚಿಕೊಂಡು ಉಣ್ಣುತ್ತಿದ್ದಳು.

ಒಮ್ಮೆ ಕೇಳಿದೆ. "ಅಕ್ಕಾರ, ಇಷ್ಟು ಬ್ಯಾಳಿ ದಿನಾ ಕೈಯಾಗ ಹಾದು ಹೋಗ್ತದಲ್ಲ, ಬಾಯಿಗೆ ಹಾಕೋಬೇಕು ಅನಸಂಗಿಲ್ಲೇನು?"

"ಅನಸ್ತೈತ್ರಿ. ಮೊದಲ ರುಚಿ ನೋಡಿ ಉಪ್ಪು ಹಾಕ್ತಿದ್ದೆ. ಈಗ ಬಂದ ಮಂದಿಗೇ ನೋಡಿ ಹೇಳ್ರೆಪಾ ಅಂತೀನಿ. ಒಂದು ಸಲ ನಾಲಿಗಿಗೆ ಹಚ್ಚಿದ್ರ ಬಿಡಂಗಿಲ್ಲ ಅದು."

ಅವಳು ಕಲಿಸಿದ್ದು ಯಾವ ಕಾಗದದಲ್ಲೂ ಇರಲಿಲ್ಲ. ತರಕಾರಿ ಬಸಿದ ಮೇಲೆ ಹಾಗೇ ಬಿಡಬಾರದು, ಕೈಯಲ್ಲಿ ಹಿಂಡಬೇಕು. ಹಿಂಡಿದ್ದನ್ನು ಎಣ್ಣೆ ಮುಂದಾಗಿ ಹಾಕಿ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಹುರಿಯಬೇಕು. ಉಪ್ಪನ್ನು ಒಳಗೆ ಬೇಯಿಸಬಾರದು. ತಟ್ಟೆಗೆ ಹಾಕಿಕೊಂಡ ಮೇಲೆ ಮೇಲಿಂದ ಉದುರಿಸಿಕೊಂಡರೆ ಚಿಟಿಕೆ ಉಪ್ಪೂ ನಾಲಿಗೆಗೆ ಸಿಗುತ್ತದೆ. ಎರಡು ಚಮಚ ಬೇಳೆಯನ್ನು ಸಾರು ಮಾಡಿದರೆ ನೀರಾಗಿ ಹೋಗುತ್ತದೆ. ಬೇಯಿಸಿ, ಎಲೆಕೋಸಿನ ಪಲ್ಯಕ್ಕೆ ಉದುರಿಸಿದರೆ ಬೇಳೆ ತಿಂದ ಹಾಗೆ ಇರುತ್ತದೆ. ಕೊನೆಗೆ ನಿಂಬೆಹಣ್ಣು ಹಿಂಡುವುದು. "ನಾಲಿಗಿಗೆ ಏನರ ಕೆಲಸ ಕೊಡಬೇಕ್ರಿ, ಇಲ್ಲಂದ್ರ ಅದು ಉಪ್ಪನ್ನ ಕೇಳ್ತೈತಿ" ಎನ್ನುತ್ತಿದ್ದಳು. ನಾನು ಅವಳ ಗುಳಿಗೆಗಳ ಚೀಟಿ ಓದಿ, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಡುತ್ತಿದ್ದೆ. ಜುಲೈ ಮುಗಿಯುವ ಹೊತ್ತಿಗೆ ನನ್ನ ತೂಕ ಇಳಿಯುವುದು ನಿಂತಿತು.

ಶ್ರಾವಣ ಬಂತು. ಆ ಒಂದು ತಿಂಗಳು ಕಚೇರಿಯಲ್ಲಿ ನನ್ನ ಊಟದ ಬಗ್ಗೆ ಯಾರೂ ಕೇಳಲಿಲ್ಲ. ಅರ್ಧಕ್ಕರ್ಧ ಜನ ಉಪವಾಸ, ಎಲ್ಲರ ಡಬ್ಬಿಯಲ್ಲೂ ಸಾಬೂದಾಣಿ ಖಿಚಡಿ. ನಾನೂ ಅದನ್ನೇ ಒಯ್ಯುತ್ತಿದ್ದೆ, ಶೇಂಗಾ ಇಲ್ಲದೆ. ಸಾವಂತ್ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಮತ್ತೆ ಎಲ್ಲರ ಜೊತೆ ಕುಳಿತು ಉಂಡೆ. ಗಣಪತಿ ಬಂದ ಮೇಲೆ ಎಲ್ಲರೂ ಮೋದಕ ತಂದರು, ಕಾಳಿನ ಉಸಳ್ ತಂದರು. ನಾನು ಮತ್ತೆ ಅರ್ಧ ಗಂಟೆ ತಡವಾಗಿ ಹೋಗತೊಡಗಿದೆ.

ಅದಕ್ಕೂ ಮೊದಲು, ನಾಗರಪಂಚಮಿಗೆ ಸುನಂದಾ ಸಿಹಿ ಉಂಡಿ ಕಳಿಸಿದ್ದಳು. ಧಾರವಾಡದ ಬಸ್ಸಿನವನು ಬೆಳಿಗ್ಗೆ ಸಾಯನ್‌ನಲ್ಲಿ ಡಬ್ಬಿ ಕೊಟ್ಟುಹೋದ. ನಾನು ಅದನ್ನು ಬಿಚ್ಚಲೇ ಇಲ್ಲ. ಬಿಚ್ಚಿದರೆ ತಿನ್ನುತ್ತೇನೆ ಎಂದು ನನಗೆ ಗೊತ್ತಿತ್ತು. ಹಾಗೇ ತಂದು ನೀಲವ್ವನ ಕೈಗೆ ಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಸಿ ನೋಡಿ, ಮತ್ತೆ ಮುಚ್ಚಿ, ರೊಟ್ಟಿಗೆ ಬಂದವರಿಗೆ ಹಂಚಿಬಿಟ್ಟಳು. ಸಂಜೆ ಸುನಂದಾ ಫೋನ್ ಮಾಡಿದಳು.

"ಉಂಡಿ ಹೆಂಗಾಗ್ಯಾವ್ರಿ?"

"ಭಾಳ ಚಲೋ ಆಗ್ಯಾವ. ಎಳ್ಳುಂಡಿಯಂತೂ ಬಾಯಾಗ ಇಟ್ರ ಕರಗ್ತಾವ."

"ಈ ಸಲ ಎಳ್ಳುಂಡಿ ಮಾಡಿಲ್ಲಲ್ರಿ ನಾನು. ಶೇಂಗಾದ್ದು, ಬೇಸನ್ದು ಎರಡ ಮಾಡಿದ್ದೆ."

ಕಚೇರಿಯಲ್ಲಿ ಯಾರೋ ಕೊಟ್ಟಿದ್ದರು, ಅದರ ಜೊತೆ ಕೂಡಿತು ಎಂದು ಏನೋ ಹೇಳಿದೆ. ಅವಳು "ಹೂಂ" ಎಂದಳು. ಮುಂದೆ ಕೇಳಲಿಲ್ಲ. ಅದಾದ ಮೇಲೆ ಅವಳ ಫೋನು ಬಂದರೆ ಮಗಳ ಅಭ್ಯಾಸದ ಸುದ್ದಿ, ಶಾಲೆಯ ಸುದ್ದಿ, ಮಳೆಯ ಸುದ್ದಿ. ಊಟ ಆಯಿತೇ ಎಂದು ಕೇಳುವುದನ್ನು ಅವಳು ಬಿಟ್ಟುಬಿಟ್ಟಳು. ನನಗೆ ಅದರಿಂದ ಹಗುರವಾಯಿತು ಎಂದು ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ. ಆಗ ಹಾಗೆಯೇ ಆಗಿತ್ತು.

ಗಣಪತಿ ಕಳೆದ ಮೇಲಿನ ಭಾನುವಾರ ಹೋದಾಗ ನೀಲವ್ವನ ಎಡಗೈ ಮಣಿಕಟ್ಟಿನ ಮೇಲೆ ಬಿಳಿ ಪಟ್ಟಿ ಸುತ್ತಿತ್ತು. "ಏನೋ ನರಾ ಕೂಡಿಸ್ಯಾರ್ರಿ. ಈ ಕೈಲೆ ಭಾರ ಎತ್ತಬ್ಯಾಡ ಅಂದಾರ" ಎಂದಳು. ಅಣ್ಣನ ಕೈಗೂ ಇದನ್ನೇ ಮಾಡಿದ್ದರು. ಡಯಾಲಿಸಿಸ್‌ನ ಸೂಜಿಗೆಂದು ಕೈಯನ್ನು ಮೊದಲೇ ತಯಾರು ಮಾಡುವ ಆಪರೇಷನ್ ಅದು. ಇಷ್ಟು ಕಟ್ಟುನಿಟ್ಟಾಗಿ ಉಂಡವಳಿಗೆ ಹೀಗಾಯಿತು. ಅವಳು ದವಾಖಾನೆಗೆ ಬಂದದ್ದೇ ತಡವಾಗಿ ಎಂಬುದು ಚೀಟಿಗಳಲ್ಲಿ ಇತ್ತು. ಓದಿದವನು ನಾನೇ, ಆದರೂ ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ಆ ಪಟ್ಟಿ ಯಾತಕ್ಕೆಂದು ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ರೊಟ್ಟಿ ಬಡಿಯುವುದು ಬಲಗೈ, ಆದರೆ ಹಿಟ್ಟು ನಾದಲು ಎರಡೂ ಕೈ ಬೇಕು. ಅವತ್ತಿನಿಂದ ರೊಟ್ಟಿಗೆ ಬರುವವರಲ್ಲೇ ಒಬ್ಬರು ಸರದಿಯ ಮೇಲೆ ಒಂದು ತಾಸು ಮೊದಲೇ ಬಂದು ಹಿಟ್ಟು ನಾದಿಕೊಡುತ್ತಿದ್ದರು. ಮೂಟೆ ಹೊರುವ ತೋಳಿನವರು ಹಿಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಇಷ್ಟು ಸಾಕೇನವ್ವಾ?" ಎಂದು ಕೇಳುತ್ತಿದ್ದರು. ಅದನ್ನು ನೋಡಿ ವಾಪಸು ಲೋಕಲ್ ಹತ್ತಿದ ಸಂಜೆ ನನ್ನ ಖಾಲಿ ಕೋಣೆಗೆ ಹೋಗಲು ಮನಸ್ಸಾಗದೆ ಮಾಟುಂಗದ ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕೈದು ಗಾಡಿ ಹೋಗುವವರೆಗೆ ಸುಮ್ಮನೆ ಕುಳಿತಿದ್ದೆ.

ದಸರೆಗೆ ವಾರವಿರುವಾಗ ಆಸ್ಪತ್ರೆಯ ಅದೇ ವರಾಂಡದಲ್ಲಿ ಸಿಕ್ಕಳು. ಮಳೆ ಕೊನೆಯ ಹಂತಕ್ಕೆ ಬಂದಿತ್ತು. ಮಧ್ಯಾಹ್ನ ಒಂದಿಷ್ಟು ಗುಡುಗಿ, ಸುರಿದು ನಿಲ್ಲುತ್ತಿತ್ತು. ಒಳಗಿಂದ ಬಂದವಳೇ ಬೆಂಚಿನ ಮೇಲೆ ಕುಳಿತು ಹೇಳಿದಳು. "ಸಾಹೇಬ್ರ, ಇನ್ನ ಬ್ಯಾಳಿ ಉಣ್ಣು ಅಂದಾರ್ರಿ ನನಗ. ತತ್ತಿನೂ ತಿನ್ನಬಹುದಂತ. ಕಾಗದಾ ಬ್ಯಾರೆ ಕೊಟ್ಟಾರ, ಓದ್ರಿ."

ಕಾಗದದ ಮೇಲ್ಭಾಗದಲ್ಲಿ ಡಾಕ್ಟರು ಕೈಬರಹದಲ್ಲಿ ಬರೆದಿದ್ದರು. ಬರುವ ವಾರದಿಂದ ಡಯಾಲಿಸಿಸ್. ಕೆಳಗೆ ಹೊಸ ಊಟದ ಪಟ್ಟಿ. ಯಂತ್ರ ರಕ್ತ ತೊಳೆಯುವಾಗ ಮೈಯಲ್ಲಿನ ಪ್ರೋಟೀನ್ ಕೂಡ ಒಂದಿಷ್ಟು ಹೋಗುತ್ತದೆ. ಅಲ್ಲಿಯವರೆಗೆ ಯಾವುದನ್ನು ಬೇಡ ಅಂದಿರುತ್ತಾರೋ ಅಲ್ಲಿಂದ ಮುಂದೆ ಅದನ್ನೇ ತಿನ್ನಿ ಎನ್ನುತ್ತಾರೆ. ನಾನು ಬೆರಳಿನಿಂದ ಮೇಲ್ಭಾಗ ಮುಚ್ಚಿ ಹಿಡಿದು ಕೆಳಗಿನದನ್ನಷ್ಟೇ ಓದಿದೆ. ಬೇಳೆ ಒಂದು ಬಟ್ಟಲು. ತತ್ತಿಯ ಬಿಳಿಭಾಗ. ಉಪ್ಪು, ನೀರು ಮೊದಲಿಗಿಂತಲೂ ಹಿಡಿತದಲ್ಲಿ. ತರಕಾರಿ ಮೊದಲಿನಂತೆಯೇ ಬಸಿದು.

ಅವಳು ಪೂರ್ತಿ ಕೇಳಿದಳು. "ಮ್ಯಾಲಿಂದು ಓದಲಿಲ್ಲ ನೀವು" ಎಂದಳು.

"ಮ್ಯಾಲೇನಿಲ್ರಿ. ಹೆಸರು, ವಯಸ್ಸು."

"ಮಶೀನಿಗೆ ಹಚ್ತೀವಂತ ಡಾಕ್ಟರ ಹೇಳ್ಯಾರ್ರಿ. ಕೈ ಕೊಯ್ದಾಗ ಗೊತ್ತಿತ್ತು ನನಗ. ನೀವು ಹೇಳ್ತೀರೋ ಇಲ್ಲೋ ನೋಡೂಣಂತ ಕೊಟ್ಟೆ." ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಊರಾಗ ನಿಮ್ಮ ಮನಿಯವರಿಗೂ ಹಿಂಗ, ಕೆಳಗಿಂದಷ್ಟ ಓದಿ ಹೇಳ್ತೀರಲ್ಲ. ಅವರ ಕಡೆ ಕಾಗದಾನೂ ಇಲ್ಲ, ಪಾಪ."

ಕಾಂಪೌಂಡಿನಲ್ಲಿ ನಿಂತ ನೀರಿನ ಮೇಲೆ ಹನಿ ಬೀಳುವುದನ್ನು ನೋಡುತ್ತ ಇಬ್ಬರೂ ಕುಳಿತಿದ್ದೆವು. ಆಮೇಲೆ ಅವಳೇ ಹೇಳಿದಳು. ವಿಜಯಪುರದ ದವಾಖಾನೆಯಲ್ಲೂ ಮಶೀನ್ ಇದೆಯಂತೆ. ಮಗಳು ಬಂದು ಕರೆದುಕೊಂಡು ಹೋಗುತ್ತಾಳೆ. ಖೋಲಿ, ರೊಟ್ಟಿಯ ಕೆಲಸ ಎರಡನ್ನೂ ಪಕ್ಕದ ಓಣಿಯ ಹೆಣ್ಣುಮಗಳಿಗೆ ಒಪ್ಪಿಸಿದ್ದಾಗಿದೆ. "ಹೋಗೂಕಿಂತ ಮೊದಲ ನಿಮ್ಮ ಕೈಲೆ ಒಂದೂಟ ಹಾಕ್ರಿ. ಇಷ್ಟು ದಿನಾ ಕಲಿಸೀನಿ, ಏನ್ ಕಲ್ತೀರಿ ನೋಡಬೇಕು. ಬ್ಯಾಳಿ ಮಾಡ್ರಿ. ಗಟ್ಟಿಗೆ ಮಾಡ್ರಿ."

ಭಾನುವಾರ ಮಧ್ಯಾಹ್ನ ನೀಲವ್ವ, ಮಗಳು ಮಹಾದೇವಿ ಇಬ್ಬರೂ ಆಂಟಾಪ್ ಹಿಲ್‌ನ ನನ್ನ ಕೋಣೆಗೆ ಬಂದರು. ಆ ಮನೆಗೆ ಬಂದ ಮೊದಲ ಅತಿಥಿಗಳು ಅವರು. ತಟ್ಟೆಗಳು ಸಾಲದೆ ಕೆಳಗಿನ ಮನೆಯಿಂದ ಎರಡು ತಂದಿದ್ದೆ. ಆ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲೂ ಕುಕ್ಕರ್ ಕೂಗಿತು. ಬೇಳೆಯನ್ನು ಮೆತ್ತಗೆ ಬೇಯಿಸಿ, ಕಡೆದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದೆ. ಉಪ್ಪು ಚಿಟಿಕೆ. ರೊಟ್ಟಿ ನನಗೆ ಬರದು, ಅನ್ನ ಮಾಡಿದ್ದೆ. ಎಲೆಕೋಸನ್ನು ಬಸಿದು, ಹಿಂಡಿ, ಹುರಿದಿದ್ದೆ.

ನೀಲವ್ವ ನೆಲದ ಮೇಲೆ ಕಾಲು ಮಡಚಿ ಕುಳಿತಳು. ಅನ್ನದ ನಡುವೆ ಗುಣಿ ಮಾಡಿಕೊಂಡು ಬೇಳೆ ಹಾಕಿಸಿಕೊಂಡಳು. ಮೊದಲ ತುತ್ತು ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ಆಮೇಲೆ ನಿಧಾನಕ್ಕೆ, ಒಂದು ಅಗುಳೂ ಕೆಳಗೆ ಬೀಳದ ಹಾಗೆ, ಉಂಡಳು. ಇನ್ನೊಮ್ಮೆ ಹಾಕಿಸಿಕೊಂಡಳು. ನನ್ನ ತಟ್ಟೆಯಲ್ಲಿ ಕೋಸಿನ ಪಲ್ಯ, ಅದರ ಮೇಲೆ ಉದುರಿಸಿದ ಬೇಳೆ. ನಾನು ಉಣ್ಣುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಆ ಬೇಳೆಯ ವಾಸನೆಗೆ ನನ್ನ ಬಾಯಲ್ಲೂ ನೀರು ಬಂದಿತ್ತು.

ಅವಳು ತಲೆ ಎತ್ತಿದಳು. "ಉಪ್ಪು ಸರಿ ಆಗೈತಿ. ಕಲ್ತೀರಿ" ಎಂದಳು. ಬಟ್ಟಲನ್ನು ನನ್ನಿಂದ ದೂರಕ್ಕೆ ಸರಿಸಿ, "ಈ ಬ್ಯಾಳಿ ಉಣ್ಣೂ ದಿನಾ ನಿಮಗ ಬರಬಾರದು ನೋಡ್ರಿ ಸಾಹೇಬ್ರ. ನಿಮ್ಮ ಎರಡು ಚಮಚದಾಗ ನೀವು ನೂರು ವರ್ಷ ಇರ್ರಿ" ಎಂದಳು.

ಮಹಾದೇವಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬಿಟ್ಟೇ ಇತ್ತು.

ಮಂಗಳವಾರ ಅವರು ಊರಿನ ಗಾಡಿ ಹತ್ತಿದರು. ಸ್ಟೇಷನ್ನಿಗೆ ಬರಬೇಡಿ ಎಂದಿದ್ದಳು, ಹೋಗಲಿಲ್ಲ. ಆ ಸಂಜೆ ಕಚೇರಿಯಿಂದ ಬಂದವನು ದೀಪ ಹಾಕುವುದಕ್ಕೂ ಮೊದಲು ಸುನಂದಾಳಿಗೆ ಫೋನ್ ಮಾಡಿದೆ. ಮೇಲಿಂದ ಕೆಳಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ, "ಶನಿವಾರ ಬರ್ತೀನಿ" ಎಂದು ಫೋನ್ ಇಟ್ಟಳು.

ಶನಿವಾರ ಬೆಳಿಗ್ಗೆ ಸಾಯನ್‌ನಲ್ಲಿ ಬಸ್ಸಿನಿಂದ ಇಳಿದಾಗ ಅವಳ ಕಣ್ಣು ಕೆಂಪಾಗಿದ್ದವು. ಅಳುವೆಲ್ಲ ದಾರಿಯಲ್ಲೇ ಮುಗಿದಿತ್ತೆಂದು ಕಾಣುತ್ತದೆ. ಎರಡು ದಿನ ನನ್ನ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಆ ಊಟದ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ನಾನು ಪಲ್ಯ ಬಸಿದು ಹಿಂಡುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಯಾರು ಕಲಿಸಿದರು ಎಂದು ಕೇಳಿದಾಗ ನೀಲವ್ವನ ಬಗ್ಗೆ ಹೇಳಿದೆ. ಇಲ್ಲಿ ನಾನು ಎಷ್ಟು ಒಬ್ಬನೇ ಆಗಿಬಿಟ್ಟಿದ್ದೆ ಎಂದೂ ಹೇಳಿದೆ.

ಅವಳು ಹೇಳಿದಳು. "ನೀವು ಒಬ್ಬರ ಇದ್ದೆ ಅಂತೀರಿ. ನೀವು ಮುಚ್ಚಿಟ್ಟ ನಾಲ್ಕು ತಿಂಗಳು ನಾನೂ ಒಬ್ಬಾಕೀನ ಇದ್ದೆ. ನನಗದು ಗೊತ್ತಿರಲಿಲ್ಲ, ಅಷ್ಟ."

ಸೋಮವಾರ ಶಾಲೆ ಇದ್ದುದರಿಂದ ಭಾನುವಾರ ಸಂಜೆಯೇ ಅವಳು ಬಸ್ ಹತ್ತಬೇಕಾಯಿತು. ಆಕಾಶ ಪೂರ್ತಿ ತೆರವಾಗಿತ್ತು. ಬಸ್ಸು ಹೋದ ಮೇಲೆ ನಡೆದೇ ಮನೆಗೆ ಬಂದೆ. ಆ ಊರಿನಲ್ಲಿ ಇನ್ನೂ ಏಳು ತಿಂಗಳು ಇದ್ದೆ. ಬೇಯಿಸಿದ್ದು, ಉಂಡದ್ದು ಎಲ್ಲ ಒಬ್ಬನೇ. ಭಾನುವಾರಗಳಂದು ಬೈಕುಲ್ಲಾಕ್ಕೆ ಹೋಗಲು ಕಾರಣವಿರಲಿಲ್ಲ. ಆದರೆ ದಿನಾ ಸಂಜೆ ಸುನಂದಾ ಫೋನ್ ಮಾಡಿ ಏನೇನು ತಿಂದಿರಿ ಎಂದು ಕೇಳುತ್ತಿದ್ದಳು, ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. ಮಗಳ ಪರೀಕ್ಷೆ ಮುಗಿದ ಮೇಲೆ, ಆರೋಗ್ಯದ ಕಾರಣಕ್ಕೆ ವರ್ಗ ಸಿಕ್ಕಿ ಧಾರವಾಡಕ್ಕೆ ಮರಳಿದೆ.

ನನ್ನ ಕಿಡ್ನಿ ಆಗಿನದಕ್ಕಿಂತ ಸ್ವಲ್ಪ ಇಳಿದಿದೆ. ಸ್ವಲ್ಪವೇ. ಡಾಕ್ಟರು ಹೀಗೇ ನಡೆಸಿ ಎನ್ನುತ್ತಾರೆ. ನೀಲವ್ವ ಮಶೀನಿನ ಮೇಲೆ ಒಂದೂವರೆ ವರ್ಷ ಇದ್ದಳು. ತಿಂಗಳಿಗೊಮ್ಮೆ ಮಾತಾಡುತ್ತಿದ್ದೆವು. ಆಮೇಲೆ ಒಂದು ಬುಧವಾರ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅವಳ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಮಹಾದೇವಿ.

"ಸಾಹೇಬ್ರ, ಅವ್ವ ಇವತ್ತ ಬೆಳಿಗ್ಗೆ ಹೋದ್ಲು. ಮೊದಲ ನಿಮಗ ಹೇಳು ಅಂದಿದ್ಲು. ಸುತ್ತುಬಳಸಿ ಹೇಳಬ್ಯಾಡ, ನೆಟ್ಟಗ ಹೇಳು ಅಂದಿದ್ಲು."

"ನೆಟ್ಟಗ ಹೇಳಿದಿ ಮಗಳ" ಎಂದೆ. ಮುಂದೆ ಏನು ಹೇಳಿದೆನೋ ನೆನಪಿಲ್ಲ. ಫೋನ್ ಇಟ್ಟೆ. ಸುನಂದಾಳ ಶಾಲೆ ಬಿಡಲು ಇನ್ನೂ ಮೂರು ತಾಸಿತ್ತು. ಸಂಜೆ ಮನೆಯಲ್ಲಿ ಹೇಳಿದರಾಯಿತು ಎಂಬ ಯೋಚನೆ ಒಮ್ಮೆ ಬಂತು. ಕಾಯಲಿಲ್ಲ. ಶಾಲೆಗೇ ಫೋನ್ ಮಾಡಿ, ಅವಳನ್ನು ತರಗತಿಯಿಂದ ಹೊರಗೆ ಕರೆಸಿ, ಹೇಳಿದೆ.